ಎದುರು ಮನೆಗೆ ಹೋದ ಹಸು

ಕೆ.ಜಿ.ಎಫ್.ನಲ್ಲಿ ಗಣಿ ಅಧಿಕಾರಿಗಳ ಬಂಗಲೆಗಳಿದ್ದ ಬೀದಿಯಲ್ಲಿ ನಾನು ಫ್ಲ್ಯಾಟ್ ಕೊಂಡೆ ಎಂದಾಗ ಬಂಗಾರಪೇಟೆಯಲ್ಲಿ ನಾನು ಪಾಠ ಹೇಳುವ ಕಾಲೇಜಿನವರೆಲ್ಲ ನಕ್ಕರು. ಚಿನ್ನವೇ ಮುಗಿದ ಊರಿನಲ್ಲಿ ಯಾರಾದರೂ ಇಷ್ಟು ದುಡ್ಡು ಸುರಿಯುತ್ತಾರಾ ಎಂದರು. ನಗಲಿ ಬಿಡಿ. ಅವರ ಕಣ್ಣಿಗೆ ಬಿದ್ದದ್ದು ಈಜುಕೊಳ, ಜಿಮ್ಮು. ನನ್ನ ಕಣ್ಣಿದ್ದದ್ದು ಹಳೆಯ ಬಂಗಲೆಯ ಮುಂಬಾಗಿಲಿನ ಮೇಲೆ. ಬಿಲ್ಡರ್ ಬಂಗಲೆಯನ್ನು ಕೆಡವಿದರೂ ಅದರ ಕಲ್ಲಿನ ಕಮಾನನ್ನು ಉಳಿಸಿ, ಫ್ಲ್ಯಾಟುಗಳಿಗೆ ಹೋಗುವ ಹೆಬ್ಬಾಗಿಲು ಮಾಡಿಕೊಂಡಿದ್ದ.

ನಾನು ಚಿಕ್ಕವಳಿದ್ದಾಗ ಅಮ್ಮ ಕ್ಯಾಸಂಬಳ್ಳಿ ಪಕ್ಕದ ನಮ್ಮ ಹಳ್ಳಿಯಿಂದ ಮೊದಲ ಬಸ್ಸಿಗೆ ಇದೇ ಬಂಗಲೆಗೆ ಹಾಲು ತರುತ್ತಿದ್ದಳು. ರಜೆಯಲ್ಲಿ ನಾನೂ ಜೊತೆಗಿರುತ್ತಿದ್ದೆ. ಕಮಾನಿನ ಕಡೆ ನಾವು ಸುಳಿಯುವಂತಿರಲಿಲ್ಲ, ಹಿತ್ತಲಿಂದ ಹೋಗಬೇಕು. ಅಡುಗೆಯವನು ಹೊಸಿಲಿನ ಒಳಗೆ ನಿಂತು ಪಾತ್ರೆ ಚಾಚುವನು, ಅಮ್ಮ ಹೊರಗೆ ನಿಂತು ಅಳೆದು ಸುರಿಯುವಳು. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಮಾತು: "ಒಳ್ಗೆ ಎಂಗೈತೋ ಏನೋ ಕಣೇ. ಒಂದ್ ಕಿತ ಮುಂದ್ಗಡೆಯಿಂದ ಓಗಿ ನೋಡ್ಬೇಕು."

ಅದಕ್ಕೇ ಕೊಂಡೆ. ಬೇರೆ ಕಾರಣ ಏನೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಹೊಸ ಮನೆಗೆ ಮೊದಲು ಕಾಲಿಡುವುದು ಹಸು, ಆಮೇಲೆ ಮನುಷ್ಯರು. ಅದೂ ಬಾಡಿಗೆ ಹಸುವಲ್ಲ, ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಈಜುಕೊಳ ಕಾಣುವ ಮೇಲಿನ ಮನೆಯನ್ನು ಬಿಟ್ಟು ನೆಲಮಹಡಿಯದನ್ನೇ ಹಿಡಿದದ್ದು ಇದಕ್ಕಾಗಿ. ಹಸುವನ್ನು ಲಿಫ್ಟಿನಲ್ಲಿ ಏರಿಸಲು ಆಗುತ್ತದೆಯೇ? ಎಲ್ಲ ಯೋಚಿಸಿದ್ದೇನೆ ಎಂದು ಬೀಗುತ್ತಿದ್ದೆ. ಗೃಹಪ್ರವೇಶದ ಹಿಂದಿನ ದಿನ ಆಳುಗಳನ್ನು ಕರೆಸಿ, ಮುಖ ಕಾಣುವ ಹಾಗೆ ನೆಲಕ್ಕೆ ಪಾಲಿಶ್ ಹೊಡೆಸಿದೆ. ದನ ಕಟ್ಟುವ ಮನೆಯಲ್ಲಿ ಹುಟ್ಟಿದವಳ ಬುದ್ಧಿ ಎಲ್ಲಿ ಹೋಗಿತ್ತೋ ನನಗೆ ಗೊತ್ತಿಲ್ಲ.

ಬೆಳಿಗ್ಗೆ ತಮ್ಮ ಟೆಂಪೋದಲ್ಲಿ ಹಸು ತಂದ. ನಾಟಿ ಹಸು, ಕೊಂಬಿಗೆ ಅರಿಶಿನ, ಕೊರಳಿಗೆ ಸೇವಂತಿಗೆ ಹಾರ. ಅಮ್ಮ ಹೊಸ ಸೀರೆಯುಟ್ಟು ಕಮಾನಿನ ಕೆಳಗೆ ಒಂದು ಗಳಿಗೆ ನಿಂತು ತಲೆಯೆತ್ತಿ ನೋಡಿದಳು. ಆಮೇಲೆ ಹಸುವಿನ ಹಿಂದೆ ಮೆಲ್ಲಗೆ ಒಳಬಂದಳು. ನನಗೆ ಅಳು ಬಂತು.

ಹಸು ನಮ್ಮ ಬಾಗಿಲಿನವರೆಗೂ ಚೆನ್ನಾಗಿ ಬಂತು. ಒಂದು ಕಾಲು ಒಳಗಿಟ್ಟಿತು, ಗೊರಸು ಸರ್ರನೆ ಜಾರಿತು. ಬೆಚ್ಚಿ ಹಿಂದೆ ಸರಿಯಿತು. ತಮ್ಮ ಹಗ್ಗ ಎಳೆದ, ನನ್ನ ಗಂಡ ಹಿಂದಿನಿಂದ ತಳ್ಳಿದರು, ನಾನು ಬಾಳೆಹಣ್ಣು ತೋರಿಸಿ ಗೋಗರೆದೆ. ಅದು ಜಗ್ಗಲಿಲ್ಲ. ಎದುರು ಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಇನ್ನೂ ಪೇಂಟಿಂಗ್ ಮುಗಿದಿರಲಿಲ್ಲವಾದ್ದರಿಂದ ನೆಲದ ತುಂಬ ಗೋಣಿಚೀಲ ಹಾಸಿದ್ದರು. ನಮ್ಮ ಕೊಟ್ಟಿಗೆಯಲ್ಲೂ ಚಳಿಗಾಲಕ್ಕೆ ಗೋಣಿಚೀಲವನ್ನೇ ಹಾಸುವುದು. ಹಸು ತಿರುಗಿತು, ತಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡು ನೆಟ್ಟಗೆ ಆ ಮನೆಯ ಹಾಲ್‌ಗೆ ಹೋಗಿ, ನಡುಮಧ್ಯೆ ನಿಂತು ಸಗಣಿ ಹಾಕಿತು.

ಆ ಮನೆಯವರು ರಿಟೈರಾದ ನರ್ಸು, ಮನೆಮಾತು ತಮಿಳು, ಒಂಟಿ ಹೆಂಗಸು. ಬೈಯುತ್ತಾರೆ ಎಂದುಕೊಂಡೆ. ಅವರು ಎರಡೂ ಕೈ ಮುಗಿದು, "ಐಯೋ, ಲಕ್ಷ್ಮಿ ವಂದಾಚು! ಕೂಗ್ದೇನೇ ಬಂದ್ಬಿಟ್ಳಮ್ಮಾ ನಮ್ಮನೆಗೆ!" ಎಂದು ಅತ್ತೇಬಿಟ್ಟರು.

ಅಮ್ಮನ ಮುಖ ಬಿಳಿಚಿಕೊಂಡಿತು. ಪುರೋಹಿತರು ಸಮಾಧಾನ ಮಾಡಲು ನೋಡಿದರು, ಬೆಳ್ಳಿ ಹಸು ಇಟ್ಟು ಪೂಜೆ ಮಾಡಿದರೂ ನಡೆಯುತ್ತದೆ ಎಂದರು.

"ಬೆಳ್ಳಿ ಅಸು ಸಗಣಿ ಆಕ್ತದಾ ಸ್ವಾಮಿ?" ಎಂದಳು ಅಮ್ಮ.

"ನೆಲ ಜಾರ್ತದೆ ಕಣಮ್ಮಾ, ಅಷ್ಟೇ," ಎಂದೆ. "ಅದೇ ಗೋಣಿಚೀಲ ತಂದು ಹಾಸ್ತೀನಿ, ಇನ್ನೊಂದು ಸಲ ಕರೆಯೋಣ."

"ಇನ್ನೊಬ್ರ ಮನೆ ತುಂಬಿದ ಲಕ್ಷ್ಮೀನ ತಿರ್ಗಾ ಕರೀತಾರಾ? ಅವ್ಳು ಬ್ಯಾಡ ಅಂದ ಮನೆಗೆ ಅವ್ಳನ್ನ ಸಾಕ್ದೋಳು ನಾನೆಂಗ್ ಬರ್ಲಿ? ಬಂದು ನಿನ್ಗೇನಾರ ಆದ್ರೆ?"

ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವಳಿಗೆ ಭಯ, ಅದೂ ನನಗೋಸ್ಕರ. ಅದರ ಮುಂದೆ ನನ್ನ ಓದು, ಬಾಯಿ ಯಾವುದೂ ನಡೆಯಲಿಲ್ಲ. ಮುಂದಿನ ವರ್ಷ ಒಳ್ಳೆಯ ದಿನ ನೋಡಿ ಕರೆದರೆ ಹಸು ಮನಸ್ಸು ಬದಲಾಯಿಸಬಹುದು ಎಂದು ಒಂದು ದಾರಿ ಮಾತ್ರ ಬಿಟ್ಟುಕೊಟ್ಟಳು. ನಾವು ಬೆಳ್ಳಿ ಹಸುವಿನ ಪೂಜೆ ಮುಗಿಸಿ ಒಕ್ಕಲಾದೆವು, ಅಮ್ಮ ಹೊರಗೇ ಉಳಿದಳು. ಮಾರನೇ ವಾರವೇ ನಮ್ಮ ಅಸೋಸಿಯೇಷನ್‌ನವರು ಗೇಟಿಗೆ ಬೋರ್ಡು ಹಾಕಿದರು: ದನಕರುಗಳಿಗೆ ಪ್ರವೇಶವಿಲ್ಲ. ಕಾರಿಡಾರಿನ ವಾಸನೆ ಯಾರಿಗೋ ಆಗಲಿಲ್ಲವಂತೆ. ಹೋಗಿ ಕಿರುಚಾಡಿ ಬಂದೆ. ಬೋರ್ಡು ಹಾಗೇ ಇದೆ.

ಅಮ್ಮ ಬರುವುದನ್ನು ಬಿಟ್ಟಿಲ್ಲ. ಕಮಾನಿನ ಕೆಳಗೇ ಬರುತ್ತಾಳೆ, ಸೆಕ್ಯುರಿಟಿಯವನು ನಮಸ್ಕಾರ ಹೊಡೆಯುತ್ತಾನೆ. ಬಂದವಳು ಎದುರು ಮನೆಯಲ್ಲಿ ಕೂರುತ್ತಾಳೆ. ಇವಳ ಕನ್ನಡ, ಅವರ ತಮಿಳು, ನಡುವೆ ಇಬ್ಬರಿಗೂ ಬರುವಷ್ಟು ತೆಲುಗು ಸೇರಿ ಒಳ್ಳೆ ಹರಟೆ. "ಬಾರೇ, ಕಾಪಿ ಆರೋಗ್ತದೆ," ಎಂದು ಅಲ್ಲಿಂದಲೇ ನನ್ನನ್ನು ಕೂಗುತ್ತಾಳೆ. ನನ್ನ ತಾಯಿಯನ್ನು ನೋಡಲು ನಾನು ಎದುರು ಮನೆಯವರ ಕಾಲಿಂಗ್ ಬೆಲ್ ಒತ್ತುತ್ತೇನೆ. ಅವಳಿಗೆಂದು ಅಣಿಮಾಡಿದ ಕೋಣೆಯಲ್ಲಿ ನನ್ನ ಗಂಡ ಬಟ್ಟೆ ಒಣಗಿಸುತ್ತಾರೆ.

ಹೋದ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಮ್ಮ, ಕೈಯಲ್ಲಿ ಹಾಲಿನ ಕ್ಯಾನು. ಒಂದು ಕ್ಷಣ ಆಸೆಯಾಯಿತು.

"ಒಳಗೆ ಬಾಮ್ಮಾ."

"ಗಿಣ್ಣಾಲು ತಂದಿವ್ನಿ. ನಮ್ ಅಸು ಕರ ಆಕ್ತು. ಪಾತ್ರೆ ತತ್ತಾ."

ಅವಳ ಕಣ್ಣು ನನ್ನ ಭುಜದಾಚೆಗೆ ಹಾಯ್ದು ಹಾಲ್, ಕಿಟಕಿ, ಪರದೆ ಎಲ್ಲವನ್ನೂ ಒಂದು ಸುತ್ತು ನೋಡಿ ಬಂತು. ಕಾಲು ಹೊಸಿಲಿನಾಚೆಗೇ ಇತ್ತು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತಂದು, ಒಳಗಿನಿಂದ ಕೈ ಚಾಚಿದೆ. ಅಮ್ಮ ಹೊರಗೆ ನಿಂತು, ಒಂದು ತೊಟ್ಟೂ ಚೆಲ್ಲದ ಹಾಗೆ ಸುರಿದಳು.