ಹನ್ನೆರಡು ಎಂದಾಗ ಎದ್ದ ಕಾಲು

ನಾನು ಸೆಕೆಂಡು ಎಣಿಸುತ್ತ “ಹನ್ನೆರಡು” ಎನ್ನುತ್ತಿದ್ದಂತೆ, ಕಣ್ಣು ಮುಚ್ಚಿ ನಿಂತಿದ್ದ ನೇಕಾರ ಅಜ್ಜ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯ ಕಡೆಗೆ ವಾಲಿದರು. ಹಿಂದೆ ನಿಂತು ಅವರ ಸೊಂಟದ ಪಟ್ಟಿ ಹಿಡಿದಿರಬೇಕಾದ ನಾನು ಕೈಗಡಿಯಾರ ನೋಡುತ್ತ ನಿಂತಿದ್ದೆ. ಅಜ್ಜಿ ಓಡಿಬಂದು ಧೋತರ ಹಿಡಿದು ಜಗ್ಗದಿದ್ದರೆ ಅವರು ತಲೆಕೆಳಗಾಗಿ ಆ ಕುಣಿಗೆ ಬೀಳುತ್ತಿದ್ದರು.

ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಸ್ನಾತಕೋತ್ತರ ಓದುತ್ತಿರುವ ನಾನು, ಲಕ್ವಾ ಹೊಡೆದವರು ಎಷ್ಟು ಹೊತ್ತು ಸಮತೋಲ ತಪ್ಪದೆ ನಿಲ್ಲಬಲ್ಲರೆಂದು ಅಳೆಯಲು ಇಳಕಲ್ಲಿನ ಆ ನೇಕಾರರ ಮನೆಗೆ ಹೋಗಿದ್ದೆ. ನನ್ನ ಸಂಶೋಧನೆಗೆ ಆ ಲೆಕ್ಕ ಬೇಕಿತ್ತು.

“ಗಡಿಯಾರದ ಮ್ಯಾಲ ಕಣ್ಣಿಟ್ಟು ನಿಂತಿಯಲ್ಲ, ನಮ್ಮ ಮನಿಯವ್ರ ಮ್ಯಾಲ ಯಾರು ಕಣ್ಣಿಡಬೇಕಿತ್ತವಾ?” ಅಜ್ಜಿ ಗದರಿದರು. ನಾನು ಆಗ ಪಟ್ಟಿ ಹಿಡಿದೆ.

ಅಜ್ಜ ಮಾತ್ರ ತಮ್ಮ ಬಲಗಾಲನ್ನೇ ನೋಡುತ್ತಿದ್ದರು. ಲಕ್ವಾ ಹೊಡೆದ ಮೇಲೆ ಎಷ್ಟು ಹೇಳಿದರೂ ಮೇಲೇಳದ ಕಾಲು ಅದು.

“ಆಕಿಗೆ ಬೈಬ್ಯಾಡ. ಮೊದಲ ನೀ ನೂಲಿನ ಎಳಿ ಎಣಿಸಿ ಹನ್ನೆರಡು ಅಂದ ಕೂಡಲೆ ನಾ ಮಗ್ಗ ತುಳೀತಿದ್ನಲ್ಲ, ಹಂಗ ಈಕಿ ಹನ್ನೆರಡು ಅಂದಿದ್ದಕ್ಕ ಕಾಲ ತಾನ ಎದ್ದು ಹೋತು ನೋಡು” ಎಂದು ಅಜ್ಜಿಗೆ ಹೇಳಿದರು. ಅಜ್ಜಿ ಧೋತರ ಬಿಡದೆ ಅಲ್ಲೇ ಕುಳಿತು ಅತ್ತರು.

ನನ್ನ ಹಾಳೆಯಲ್ಲಿ, ನಿಂತಲ್ಲಿಂದ ಕಾಲು ಎದ್ದುದನ್ನು ಬರೆಯಲು ‘ವಿಫಲ’ ಎಂಬ ಒಂದೇ ಜಾಗವಿತ್ತು. ಅಲ್ಲೇ ಗುರುತು ಹಾಕಿದೆ. ಈಗ ಯಾರನ್ನು ನಿಲ್ಲಿಸಿದರೂ ಮನಸ್ಸಿನಲ್ಲೇ ಎಣಿಸುತ್ತೇನೆ. ಹನ್ನೆರಡು ಬಂದಾಗ, ಪಟ್ಟಿ ಹಿಡಿದ ನನ್ನ ಕೈ ತಾನೇ ಬಿಗಿಯಾಗುತ್ತದೆ.