ಒಂದು ಹಿಡಿ ನುಗ್ಗೆಸೊಪ್ಪು

1959ರಲ್ಲಿ ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಬಯೋಕೆಮಿಸ್ಟ್ರಿಯ ಸಂಶೋಧನಾ ಸಹಾಯಕಿಯಾಗಿದ್ದೆ. ಇಡೀ ವಿಭಾಗಕ್ಕೆ ನಾನೊಬ್ಬಳೇ ಹೆಂಗಸು. ಒಂಟಿಕೊಪ್ಪಲಿನ ಮನೆಯಿಂದ ಊಟದ ಡಬ್ಬಿ ಹಿಡಿದು ನಡೆದೇ ಹೋಗುತ್ತಿದ್ದೆ. ಅಷ್ಟು ಹಗುರವಾದ ಬೆಳಗುಗಳು ನನಗೆ ಮತ್ತೆ ಸಿಗಲಿಲ್ಲ.

ವಿಟಮಿನ್ ಎ ಇಲ್ಲದಿದ್ದರೆ ಯಕೃತ್ತು ಕೊಬ್ಬನ್ನು ಹೇಗೆ ನಿಭಾಯಿಸುತ್ತದೆ ಎಂಬುದು ನಮ್ಮ ಪ್ರಶ್ನೆ. ಅದಕ್ಕಾಗಿ ಹನ್ನೆರಡು ಬಿಳಿ ಇಲಿಗಳಿಗೆ ಆ ವಿಟಮಿನ್ ಇಲ್ಲದ ಆಹಾರ ಕೊಡಬೇಕಿತ್ತು. ಆಹಾರದಲ್ಲಿನ ಕೊಬ್ಬು ಎಂದರೆ ತುಪ್ಪ. ಅದನ್ನು ಗಂಟೆಗಟ್ಟಲೆ ಕಾಯಿಸಿ, ಗಾಳಿ ಹಾಯಿಸಿ, ವಿಟಮಿನ್ನನ್ನು ನಾಶ ಮಾಡುವುದು ನನ್ನ ಕೆಲಸ. ಆಂಟಿಮನಿ ಟ್ರೈಕ್ಲೋರೈಡ್ ಹಾಕಿದಾಗ ನೀಲಿ ಬಣ್ಣ ಬಂದರೆ ವಿಟಮಿನ್ ಎ ಇನ್ನೂ ಉಳಿದಿದೆ ಎಂದರ್ಥ. ನನ್ನ ತುಪ್ಪ ನೀಲಿಯಾಗಲಿಲ್ಲ. ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದು ಹಿಗ್ಗಿದೆ.

ಎಂಟು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಇಲಿಗಳ ತೂಕ ಏರುವುದು ನಿಲ್ಲಬೇಕಿತ್ತು, ಕಣ್ಣು ಕೆಂಪಾಗಬೇಕಿತ್ತು. ಅವು ಮದುವೆಮನೆಯ ನೆಂಟರ ಹಾಗೆ ದುಂಡಗಾದವು.

ಇಲಿಗಳನ್ನು ನೋಡಿಕೊಳ್ಳುತ್ತಿದ್ದವನು ಜವರಯ್ಯ. ಕಡಕೊಳದ ಆಚೆಯ ಹಳ್ಳಿಯಿಂದ ದಿನವೂ ಸೈಕಲ್ ತುಳಿದು ಬರುವ ದಿನಗೂಲಿಯವನು. ಐದು ವರ್ಷ ದುಡಿದ ಮೇಲೆ ಅವನ ಕೆಲಸ ಕಾಯಂ ಆಗುವುದರಲ್ಲಿತ್ತು. ಇಲಿಗಳನ್ನು ಮಕ್ಕಳಂತೆ ಮಾತನಾಡಿಸುತ್ತಿದ್ದ. ಪ್ರಯೋಗಾಲಯದ ಹಿತ್ತಲಿನ ಮರದಿಂದ ಅವನು ನುಗ್ಗೆಸೊಪ್ಪು ಕೀಳುವುದನ್ನು ಕಂಡೆನೆಂದು ಯಾರೋ ಹೇಳಿದರು. ನುಗ್ಗೆಸೊಪ್ಪಿನಲ್ಲಿ ಕ್ಯಾರೊಟಿನ್ ಬೇಕಾದಷ್ಟಿದೆ. ದೇಹ ಅದನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ.

ನಮ್ಮ ಪ್ರೊಫೆಸರು ಎಲ್ಲರ ಎದುರಿಗೇ ಕೇಳಿದರು. "ಸೊಪ್ಪು ಕಿತ್ತೆಯೇನಯ್ಯ?"

"ಕಿತ್ತಿದ್ದುಂಟು ಬುದ್ಧಿ. ಇಲಿಗೆ ಆಕಿಲ್ಲ."

"ಮತ್ತೆ ಯಾರಿಗೆ ಕಿತ್ತೆ?"

ಜವರಯ್ಯ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಆಗ ನನಗೆ ನೆನಪಾಯಿತು. ಗಾಳಿ ಹಾಯಿಸಿದ ತುಪ್ಪ ಕಮಟು ನಾತ ಹೊಡೆದು ಇಲಿಗಳು ಮೂಸಿಯೂ ನೋಡಿರಲಿಲ್ಲ. ಅಮ್ಮ ಮಾಡುವ ಹಾಗೆಯೇ ನಾನು ಅದನ್ನು ಮತ್ತೆ ಬಿಸಿ ಮಾಡಿ, ಒಂದು ಹಿಡಿ ನುಗ್ಗೆಸೊಪ್ಪು ಹಾಕಿ, ಚಟಪಟ ಅನ್ನಿಸಿ ಸೋಸಿದ್ದೆ. ನೀಲಿ ಬಣ್ಣದ ಪರೀಕ್ಷೆ ಮುಗಿದ ಮೇಲೆ, ಪ್ರತಿ ಸಲವೂ. ಸೊಪ್ಪನ್ನು ಸೋಸಿ ತೆಗೆದರೂ ಅದರ ಕ್ಯಾರೊಟಿನ್ ತುಪ್ಪಕ್ಕೆ ಇಳಿದಿತ್ತು. ಅಡುಗೆಮನೆಯ ಕೈ ಮಾಡಿದ ಕೆಲಸವಾದ್ದರಿಂದ ನೋಟ್‌ಬುಕ್ಕಿಗೆ ಅದು ಹೋಗಿರಲೇ ಇಲ್ಲ. ಸೊಪ್ಪು ತರಲು ಜವರಯ್ಯನಿಗೆ ಹೇಳಿದ್ದವಳು ನಾನೇ.

ನಾನು ಬಾಯಿ ಬಿಡಲಿಲ್ಲ. "ಹೆಂಗಸರನ್ನು ಲ್ಯಾಬಿಗೆ ಸೇರಿಸಿಕೊಂಡರೆ ಅಡುಗೆಯನ್ನೇ ಮಾಡುತ್ತಾರೆ" ಎಂದು ನಗುವವರು ಅಲ್ಲೇ ನಿಂತಿದ್ದರು. ನಾಳೆಯಿಂದ ಬರಬೇಡವೆಂದು ಜವರಯ್ಯನಿಗೆ ಹೇಳಿದ್ದಾಯಿತು. ಅವನು ಸೈಕಲ್ ತಳ್ಳಿಕೊಂಡು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿದೆ. ಆ ನಾಚಿಕೆ ಇಂದಿಗೂ ಆರಿಲ್ಲ.

ಮೂರು ದಿನ ಊಟ ಸೇರಲಿಲ್ಲ. ಅಮ್ಮ ತುಪ್ಪ ಬಡಿಸಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಬೈಯಲಿಲ್ಲ. "ಅವನ ಮನೇಲೂ ಒಲೆ ಉರೀಬೇಕು ಕಣೇ" ಎಂದಳು, ಅಷ್ಟೇ.

ಮರುದಿನ ಪ್ರೊಫೆಸರ ಮುಂದೆ ನಿಂತು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ನೋಟ್‌ಬುಕ್ ತಗೊಂಡು ಬಾಮ್ಮ. ಈಗ ಹೇಳಿದ್ದನ್ನ ಹಾಗೇ ಬರಿ" ಎಂದರು. ಆಮೇಲೆ ತಾವೇ ಕಾರು ತೆಗೆಸಿ ಕಡಕೊಳದ ದಾರಿ ಹಿಡಿದರು. ನನ್ನ ಪ್ರಯೋಗ ಮೊದಲಿಂದ ಶುರುವಾಯಿತು. ನನ್ನ ಡಾಕ್ಟರೇಟು ಒಂದು ವರ್ಷ ತಡವಾಯಿತು. ಜವರಯ್ಯನ ಕೆಲಸ ಕಾಯಂ ಆಯಿತು.

ಆಮೇಲೆ ನಾನು ಎಷ್ಟೋ ವರ್ಷ ವಿಟಮಿನ್ ಎ ಜೊತೆಗೇ ಬದುಕಿದೆ. ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತಿದ್ದುದು ಒಂದೇ: ಕೈ ಮಾಡಿದ್ದನ್ನೆಲ್ಲ ಬರೆಯಿರಿ, ಬರೆಯುವಂಥದ್ದಲ್ಲ ಅನ್ನಿಸಿದ್ದನ್ನು ಮೊದಲು ಬರೆಯಿರಿ. ಅದು ನೋಟ್‌ಬುಕ್ಕಿನ ಪಾಠ. ಇನ್ನೊಂದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಜವರಯ್ಯ ವಾಪಸು ಬಂದ ದಿನ ಇಲಿಗಳ ಕೋಣೆಗೆ ಹೋಗಿ ಕೇಳಿದ್ದೆ, "ಅವತ್ತೇ ನನ್ನ ಹೆಸರು ಯಾಕೆ ಹೇಳಲಿಲ್ಲ ಜವರಯ್ಯ?"

ಅವನು ಪಂಜರ ಒರೆಸುವುದನ್ನು ನಿಲ್ಲಿಸಲಿಲ್ಲ.

"ನೀವೇ ಏಳ್ತೀರಿ ಅಂದ್ಕೊಂಡೆ ಕಣವ್ವ."