ಡಾಕ್ಟರರ ಕನ್ನಡ

ಅವರ ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು ಎಂದು ಬರೆಯಹೊರಟೆ. ಆದರೆ ನೆನಪಿನ ಆ ಕನ್ನಡಕ ಬೇರೆ ಯಾರದೋ ಇರಬಹುದು. ಮಹಾರಾಷ್ಟ್ರದ ಅಕ್ಕಲಕೋಟದ ಆ ಡಾಕ್ಟರರ ಮನೆಮಾತು ಮರಾಠಿ. ಆದರೂ ಕರಜಗಿ ಕಡೆಯ ನಮ್ಮಂಥ ಕನ್ನಡದವರು ಬಂದರೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಹೇಳ್ರಿ, ಕನ್ನಡದಾಗ ಹೇಳ್ರಿ" ಎನ್ನುತ್ತಿದ್ದರು. ರೋಗಿಗಳಿಂದಲೇ ಕಲಿತ ಕನ್ನಡ ಅದು.

ಒಂದು ದಿನ ನನ್ನಜ್ಜಿ, "ಸಾಹೇಬ್ರ, ಭಾಳ ಸಂಕಟ ಆಗಾಕತ್ತೈತ್ರಿ" ಎಂದಳು. ನಮ್ಮಲ್ಲಿ ಅದು ಎದೆ ಹಿಂಡುವ, ಹೊಟ್ಟೆ ತೊಳಸುವ ಬಾಧೆ. ಮರಾಠಿಯಲ್ಲಿ ಸಂಕಟವೆಂದರೆ ಮನೆಗೆ ಬಂದ ಆಪತ್ತು.

ಡಾಕ್ಟರು ಅವಳ ಕೈ ಹಿಡಿದು, "ಸಂಕಟ ಯಾರ ಮನ್ಯಾಗ ಇಲ್ಲ, ಅಜ್ಜಿ? ಸೊಸಿ ಜೋಡಿ ಜಗಳೇನು?" ಎಂದರು.

"ಅದಕ್ಕೂ ಗುಳಗಿ ಅದಾವೇನ್ರಿ?" ಎಂದಳು ಅಜ್ಜಿ. ಎಲ್ಲರೂ ನಕ್ಕೆವು. ಅವರು ಶಕ್ತಿಯ ಗುಳಿಗೆ ಬರೆದುಕೊಟ್ಟರು.

ಆ ವಾರವೇ ಅಜ್ಜಿಯ ಹೃದಯ ನಿಂತಿತು. ಡಾಕ್ಟರು ಅಜ್ಜಿಯ ಮಣ್ಣಿಗೆ ಬಂದು, ತುಸು ದೂರ ನಿಂತು ಹೋದರು. ಆಮೇಲೆ ನಾವು ಹೋದಾಗಲೆಲ್ಲ ಮರಾಠಿಯಲ್ಲೇ ಮಾತಾಡಿಸಿದರು. ಆ ಮಾತನ್ನು ತಪ್ಪಾಗಿ ಕೇಳಿಸಿಕೊಂಡದ್ದು ಅವರಿಗೆ ತಿಳಿದಿತ್ತೇ, ಅಥವಾ ಹಾಗೆಂದು ನಾನೇ ಈಗ ಜೋಡಿಸುತ್ತಿದ್ದೇನೆಯೇ?

ಅಂದು ಅಜ್ಜಿಯನ್ನೂ ನನ್ನನ್ನೂ ಕರೆತಂದವಳು ನನ್ನ ಸೋದರತ್ತೆ. ಹೋದ ತಿಂಗಳು ಅವಳನ್ನು ಕೇಳಿದೆ.

"ಅತ್ತಿ, ಹೊರಗ ಬಂದ ಮ್ಯಾಲರೆ ಅಜ್ಜಿ ನಿನಗ, 'ನಾ ಹೇಳಿದ್ದು ಅದಲ್ಲ' ಅಂದಳೇನು?"